ಟ್ರಯಲ್ ಮುಗಿದ ಮೇಲೆ ನಮ್ಮ ಪಾಡೇನು?

ಎಚ್‌ಐವಿ ಲಸಿಕೆ ಸಂಶೋಧನೆಯಲ್ಲಿ ನನ್ನ ಕೆಲಸ ಲ್ಯಾಬ್ ಒಳಗಲ್ಲ, ಹೊರಗೆ. ಲೈಂಗಿಕ ಕಾರ್ಯಕರ್ತೆಯರು, ಟ್ರಾನ್ಸ್ ಮಹಿಳೆಯರು, ಗಂಡಸರ ಜೊತೆ ಸಂಬಂಧ ಇರುವ ಗಂಡಸರು, ಡ್ರಗ್ಸ್ ಚುಚ್ಚಿಕೊಳ್ಳುವವರು, ಇವರ ಜೊತೆ ಕೂತು ಲಸಿಕೆಯ ಟ್ರಯಲ್‌, ಅಂದರೆ ಜನರ ಮೇಲೆ ಮಾಡುವ ಪ್ರಯೋಗ, ಅದಕ್ಕೆ ಸೇರುವ ಬಗ್ಗೆ ಮಾತಾಡುವುದು. ಮೊದಲ ಭೇಟಿಗೆ ನಾನು ಚಿತ್ರಪಟ ಒಯ್ಯುವುದಿಲ್ಲ. ವೈರಸ್ಸಿನ ಬಣ್ಣದ ಚಿತ್ರ ತೋರಿಸಿದರೆ ಎಲ್ಲರೂ ತಲೆ ಆಡಿಸುತ್ತಾರೆ, ಒಬ್ಬರೂ ಬಾಯಿ ಬಿಡುವುದಿಲ್ಲ. ಬರಿಗೈಲಿ ಹೋಗಿ ಕೂತರೆ ಪ್ರಶ್ನೆ ತಾನಾಗಿ ಬರುತ್ತದೆ.

"ಚುಚ್ಚಿದ್ರೆ ಎಚ್‌ಐವಿ ಬರುತ್ತಾ?" ಅಂತ ಕೇಳುತ್ತಾರೆ. ಲಸಿಕೆಯಲ್ಲಿ ಇಡೀ ವೈರಸ್ ಇರುವುದಿಲ್ಲ, ಅದರಿಂದ ಸೋಂಕು ತಗುಲುವುದಿಲ್ಲ. ಆದರೆ ಅಷ್ಟಕ್ಕೇ ಮಾತು ನಿಲ್ಲಿಸುವುದು ಸರಿಯಲ್ಲ. 2007ರಲ್ಲಿ ಸ್ಟೆಪ್ ಎಂಬ ಟ್ರಯಲ್ ನಿಂತಾಗ, ಲಸಿಕೆ ಪಡೆದ ಕೆಲವು ಬಗೆಯ ಗಂಡಸರಲ್ಲಿ ಸೋಂಕು ಜಾಸ್ತಿ ಕಂಡಿತ್ತು. ಇದನ್ನು ಅವರು ಬೇರೆ ಕಡೆಯಿಂದ ಕೇಳುವ ಮೊದಲು ನಾನೇ ಹೇಳಿಬಿಡುತ್ತೇನೆ.

ನಿಜವಾಗಿ ಹೊತ್ತು ಹಿಡಿಯುವುದು ಬೇರೆ ವಿಷಯ. ಲಸಿಕೆ ಪಡೆದವರ ದೇಹ ಎಚ್‌ಐವಿ ವಿರುದ್ಧ ಪ್ರತಿಕಾಯ, ಅಂದರೆ ರೋಗದ ವಿರುದ್ಧ ಹೋರಾಡುವ ಪ್ರೋಟೀನ್, ತಯಾರಿಸುತ್ತದೆ. ಮಾಮೂಲಿ ಟೆಸ್ಟ್ ಹುಡುಕುವುದೂ ಪ್ರತಿಕಾಯವನ್ನೇ. ಹಾಗಾಗಿ ಸೋಂಕು ಇಲ್ಲದಿದ್ದರೂ ರಿಪೋರ್ಟ್ ಪಾಸಿಟಿವ್ ಬರಬಹುದು, ಕೆಲವರಿಗೆ ವರ್ಷಗಟ್ಟಲೆ. ವೈರಸ್ಸನ್ನೇ ನೇರ ಹುಡುಕುವ ಇನ್ನೊಂದು ಟೆಸ್ಟ್ ಮಾಡಿದರೆ ಮಾತ್ರ ನಿಜ ಗೊತ್ತಾಗುತ್ತದೆ.

ಇದನ್ನು ಹೇಳಿದಾಗ ಒಬ್ಬಾಕೆ ಕೇಳಿದಳು: "ಅಂದ್ರೆ ಮೈಯಲ್ಲಿ ಇಲ್ಲ, ಕಾಗದದಲ್ಲಿ ಇದೆ. ಅಲ್ವಾ ಅಕ್ಕಾ? ನಮ್ಮನ್ನ ಹಿಡಿದಾಗ ನೋಡೋದು ಕಾಗದ ತಾನೇ?" ಆಕೆ ಹೇಳಿದ್ದು ಸರಿ. ಬೇರೆಯವರಿಗೆ ಇದು ಬರೀ ತೊಂದರೆ. ಮೊದಲೇ ಬೆರಳು ತೋರಿಸಿಕೊಂಡವರಿಗೆ ಅದೇ ಕಾಗದ ಮನೆ, ಕೆಲಸ, ಆಸ್ಪತ್ರೆಯ ಹಾಸಿಗೆ ಎಲ್ಲವನ್ನೂ ಕಿತ್ತುಕೊಳ್ಳಬಹುದು. ಟ್ರಯಲ್ ಮುಗಿದ ಮೇಲೂ ಆ ಇನ್ನೊಂದು ಟೆಸ್ಟ್ ಬಿಟ್ಟಿಯಾಗಿ ಯಾರು ಮಾಡಿಕೊಡುತ್ತಾರೆ, ಯಾವ ನಂಬರಿಗೆ ಫೋನ್ ಮಾಡಬೇಕು ಎಂಬುದು ಒಪ್ಪಿಗೆ ಪತ್ರದಲ್ಲೇ ಬರಬೇಕೆಂದು ಸಮುದಾಯ ಸಲಹಾ ಮಂಡಳಿ, ಅಂದರೆ ಟ್ರಯಲ್‌ನವರಿಗೆ ಸಲಹೆ ಕೊಡುವ ಸಮುದಾಯದವರ ಗುಂಪು, ಪಟ್ಟು ಹಿಡಿಯಿತು. ಬಂತು.

ಕಾರ್ಡಿನ ಕತೆಯೂ ಹೀಗೇ. ಟ್ರಯಲ್‌ನಲ್ಲಿ ಇದ್ದಾರೆ ಎಂದು ತೋರಿಸಲು ಒಂದು ಗುರುತಿನ ಕಾರ್ಡ್ ಕೊಡುತ್ತಾರೆ. ಮಾದರಿ ನೋಡಿದ್ದೇ ಎಲ್ಲರೂ ಜೋರಾಗಿ ನಕ್ಕರು. ಎಚ್‌ಐವಿ ಅಂತ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಅದನ್ನು ಪರ್ಸಿನಲ್ಲಿ ಇಟ್ಟುಕೊಂಡು ಓಡಾಡುವವರು ಯಾರು? ಕೊನೆಗೆ ಕಾರ್ಡಿನಲ್ಲಿ ಒಂದು ಸಂಖ್ಯೆ, ಒಂದು ಫೋನ್ ನಂಬರ್ ಮಾತ್ರ ಉಳಿಯಿತು. ಇಷ್ಟು ಸಣ್ಣ ಬದಲಾವಣೆಗೂ ಎಥಿಕ್ಸ್ ಕಮಿಟಿಯ, ಅಂದರೆ ಟ್ರಯಲ್‌ಗೆ ಸೇರುವವರ ಹಿತ ನೋಡುವ ಸಮಿತಿಯ, ಒಪ್ಪಿಗೆ ಬೇಕು. ಅದಕ್ಕೇ ಸಮುದಾಯದವರನ್ನು ಕಾಗದ ಅಚ್ಚಾಗುವ ಮೊದಲೇ ಕರೆಯಬೇಕು, ಆಮೇಲೆ ಕರೆದರೆ ಸುಮ್ನೆ ಚಹಾ ಕುಡಿಸಿ ಕಳಿಸಿದಂತೆ.

ಅತಿ ಕಷ್ಟದ ಪ್ರಶ್ನೆ ಪ್ರೆಪ್ ಮಾತ್ರೆಯದು, ಅಂದರೆ ಎಚ್‌ಐವಿ ಇಲ್ಲದವರು ಅದು ಬಾರದಂತೆ ಮೊದಲೇ ತೆಗೆದುಕೊಳ್ಳುವ ಮಾತ್ರೆಯದು. ಅದನ್ನು ಸರಿಯಾಗಿ ತೆಗೆದುಕೊಂಡರೆ ಸೋಂಕು ತಡೆಯಬಹುದು, ಟ್ರಯಲ್‌ನವರೂ ಅದನ್ನು ಒದಗಿಸಬೇಕು. ಆದರೆ ಲಸಿಕೆ ಕೆಲಸ ಮಾಡಿತೋ ಇಲ್ಲವೋ ಗೊತ್ತಾಗುವುದು ಲಸಿಕೆ ಪಡೆದವರು, ಪ್ಲಸೀಬೊ (ಮದ್ದಿಲ್ಲದ ಹುಸಿ ಚುಚ್ಚುಮದ್ದು) ಪಡೆದವರು, ಈ ಎರಡೂ ಗುಂಪಿನಲ್ಲಿ ಎಷ್ಟು ಜನಕ್ಕೆ ಸೋಂಕು ತಗುಲಿತು ಎಂದು ಹೋಲಿಸಿದಾಗ. "ಹಾಗಾದ್ರೆ ನಮ್ಮಲ್ಲಿ ಕೆಲವರಿಗೆ ಬರಲೇಬೇಕು ನಿಮಗೆ?" ಎಂದು ಒಬ್ಬ ಹುಡುಗ ಕೇಳಿದ. ನಾನು ಜಾರಿಕೊಳ್ಳಲಿಲ್ಲ. ಕಾಂಡೋಮ್, ಮಾತ್ರೆ, ಸಲಹೆ ಎಲ್ಲ ಕೊಟ್ಟ ಮೇಲೂ ಕೆಲವರಿಗೆ ತಗುಲುತ್ತದೆ, ಲೆಕ್ಕ ಅವರಿಂದಲೇ ಸಿಗುತ್ತದೆ. ಮಾತ್ರೆ ಕೊಡುವುದರಿಂದ ಸೋಂಕು ಕಡಿಮೆಯಾಗಿ ಟ್ರಯಲ್‌ಗೆ ಇನ್ನೂ ಜಾಸ್ತಿ ಜನ ಬೇಕಾದರೆ ಅದು ಸಂಶೋಧಕರ ತಲೆನೋವು. ಹೀಗೆಂದೆ. ಅವನು ಸೇರಲಿಲ್ಲ, ಅವನ ಗೆಳೆಯ ಸೇರಿದ.

ಈ ಮಾತುಗಳನ್ನು ಮೊದಲೇ ಆಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕಾಂಬೋಡಿಯಾ ಸಾಕ್ಷಿ. ಅಲ್ಲಿ ನಡೆಯಬೇಕಿದ್ದದ್ದು ಲಸಿಕೆಯಲ್ಲ, ಎಚ್‌ಐವಿ ತಡೆಯಲು ಟೆನೊಫೊವಿರ್ ಎಂಬ ಮಾತ್ರೆಯ ಟ್ರಯಲ್. ಅಡ್ಡ ಪರಿಣಾಮ ಆದರೆ ದೀರ್ಘಕಾಲ ನೋಡಿಕೊಳ್ಳುವವರು ಯಾರು ಎಂದು ಲೈಂಗಿಕ ಕಾರ್ಯಕರ್ತೆಯರು ಕೇಳಿದರು. ಒಪ್ಪುವ ಉತ್ತರ ಸಿಗಲಿಲ್ಲ. 2004ರಲ್ಲಿ ಸರ್ಕಾರವೇ ಟ್ರಯಲ್ ನಿಲ್ಲಿಸಿತು. ಮರುವರ್ಷ ಕ್ಯಾಮರೂನ್‌ನಲ್ಲೂ ಪ್ರತಿಭಟನೆಯ ನಂತರ ಅದೇ ಮಾತ್ರೆಯ ಟ್ರಯಲ್ ನಿಂತಿತು. ಅದೇ ಟೆನೊಫೊವಿರ್ ಇರುವ ಮಾತ್ರೆಗೆ 2012ರಲ್ಲಿ ಅಮೆರಿಕದಲ್ಲಿ ಪ್ರೆಪ್ ಆಗಿ ಅನುಮತಿ ಸಿಕ್ಕಿತು. ಅಂದರೆ ಮದ್ದಿನಲ್ಲಿ ದೋಷ ಇರಲಿಲ್ಲ. ಈ ಗಲಾಟೆಯ ನಂತರವೇ, 2007ರಲ್ಲಿ, ವಿಶ್ವಸಂಸ್ಥೆಯ ಏಡ್ಸ್ ಕಾರ್ಯಕ್ರಮವಾದ ಯುಎನ್‌ಏಡ್ಸ್ ಮತ್ತು ಎಚ್‌ಐವಿ ತಡೆಗೆ ದುಡಿಯುವ ಸಂಸ್ಥೆ ಅವಾಕ್ ಸೇರಿ ಸಮುದಾಯದ ಪಾಲ್ಗೊಳ್ಳುವಿಕೆಗೆ ಮಾರ್ಗಸೂಚಿ ತಂದವು.

ಫಲಿತಾಂಶದ ದಿನಕ್ಕೂ ತಯಾರಿ ಬೇಕು. 2009ರ ಥಾಯ್ಲೆಂಡ್ ಟ್ರಯಲ್‌ನಲ್ಲಿ ಸುಮಾರು 31% ರಕ್ಷಣೆ ಕಂಡಿತ್ತು. ಆಮೇಲಿನ ದೊಡ್ಡ ಟ್ರಯಲ್‌ಗಳು, 2020ರಲ್ಲಿ ದಕ್ಷಿಣ ಆಫ್ರಿಕಾದ್ದು, 2021ರಲ್ಲಿ ಇಂಬೊಕೊಡೊ, 2023ರಲ್ಲಿ ಮೊಸೈಕೊ, ಒಂದಾದ ಮೇಲೊಂದು ನಿಂತವು. ಲಸಿಕೆ ಕೆಲಸ ಮಾಡಲಿಲ್ಲ. ಹಾಗಾಗಿ ಸೋತರೆ ಸುದ್ದಿ ಪತ್ರಿಕೆಗಿಂತ ಮೊದಲು ತಮಗೆ ಬರಬೇಕೆಂದು ನಮ್ಮವರು ಸೇರುವಾಗಲೇ ಷರತ್ತು ಹಾಕುತ್ತಾರೆ. ಚುಚ್ಚಿದ್ದು ಲಸಿಕೆಯೋ ಪ್ಲಸೀಬೊನೋ ಎಂಬುದನ್ನೂ ಆಗ ತಿಳಿಸಬೇಕು. ಅದು ಗೊತ್ತಿದ್ದರೆ ಮುಂದೆ ರಿಪೋರ್ಟ್ ಪಾಸಿಟಿವ್ ಬಂದಾಗ ಏನೆಂದುಕೊಳ್ಳಬೇಕು ಎಂಬ ಅಂದಾಜಾದರೂ ಇರುತ್ತದೆ.

ಸೇರುವುದಿಲ್ಲ ಎಂದವರ ಕಾರಣಗಳನ್ನೂ ಈಗ ಬರೆದು ಸಂಶೋಧಕರಿಗೆ ಕಳಿಸುತ್ತೇನೆ, ಹೆಸರಿಲ್ಲದೆ. ಟ್ರಾನ್ಸ್ ಮಹಿಳೆಯರ ಕಡೆಯಿಂದ ಹೆಚ್ಚು ಬರುವುದು ಹಾರ್ಮೋನ್ ಪ್ರಶ್ನೆ: ನಾವು ತೆಗೆದುಕೊಳ್ಳುವ ಹಾರ್ಮೋನಿಗೂ ಈ ಲಸಿಕೆಗೂ ಹೊಂದುತ್ತಾ, ಅದನ್ನು ನೋಡುತ್ತೀರಾ ಇಲ್ಲವಾ? ಮುಂದಿನ ಟ್ರಯಲ್‌ನ ಕರಡಿನಲ್ಲಿ ಇದಕ್ಕೆ ಜಾಗ ಆಗುವ ತನಕ ಸಹಿ ಹಾಕುವುದಿಲ್ಲ ಎಂದಿದ್ದಾರೆ. ಕರಡು ಇನ್ನೂ ತಿದ್ದುಪಡಿಯಲ್ಲಿದೆ.