ಮೂತ್ರದ ಆಲ್ಬುಮಿನ್: ವರದಿಗೆ ಸಹಿ ಹಾಕುವ ಮುನ್ನ ನಾನು ನೋಡುವುದು

ಸಕ್ಕರೆ ಕಾಯಿಲೆಯವರ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತಿರುವುದನ್ನು ಬೇಗ ಹೇಳಬಲ್ಲದ್ದು ಮೂತ್ರದ ಆಲ್ಬುಮಿನ್ ಪರೀಕ್ಷೆ. ಆಲ್ಬುಮಿನ್ ಎಂದರೆ ರಕ್ತದ ಪ್ರೋಟೀನ್; ಮೂತ್ರಪಿಂಡಕ್ಕೆ ಪೆಟ್ಟಾದರೆ ಅದು ಮೂತ್ರಕ್ಕೆ ಸೋರುತ್ತದೆ. ಲ್ಯಾಬ್‌ನಲ್ಲಿ ನಾನು ಯಂತ್ರಕ್ಕಿಂತ ಮೊದಲು ಮಾದರಿ ಕೊಟ್ಟವರನ್ನೇ ವಿಚಾರಿಸುತ್ತೇನೆ. ಜ್ವರವಿತ್ತೇ, ಉರಿಮೂತ್ರವಿದೆಯೇ, ನಿನ್ನೆ ಮೈಮುರಿಯುವಷ್ಟು ಕೆಲಸ ಮಾಡಿದ್ದಿರಾ, ಹೆಂಗಸರಾದರೆ ಮುಟ್ಟಿನ ದಿನಗಳೇ? ಇವುಗಳಲ್ಲಿ ಯಾವುದಿದ್ದರೂ ಮೂತ್ರಪಿಂಡ ಚೆನ್ನಾಗಿರುವಾಗಲೂ ಆಲ್ಬುಮಿನ್ ಏರಬಹುದು. ಅಂಥವರ ಕೈಗೆ ಡಬ್ಬಿ ಕೊಟ್ಟು, ಎಲ್ಲ ಸರಿಹೋದ ಮೇಲೆ ಬೆಳಗಿನ ಮೊದಲ ಮೂತ್ರ ತರಲು ಹೇಳುತ್ತೇನೆ. ದೂರದಿಂದ ಬಂದವರಿಗೆ ಬೇಸರವಾಗುತ್ತದೆ, ಆದರೂ ಹೇಳುತ್ತೇನೆ.

ಆಲ್ಬುಮಿನ್ ಒಂದನ್ನೇ ಅಳೆದರೆ ನೀರು ಕುಡಿದ ಲೆಕ್ಕ ಅದರಲ್ಲಿ ಬೆರೆತುಬಿಡುತ್ತದೆ. ಅದಕ್ಕೇ ಮಾಂಸಖಂಡದಿಂದ ಬಂದು ಮೂತ್ರದಲ್ಲಿ ಹೋಗುವ ಕ್ರಿಯಾಟಿನಿನ್ ಎಂಬ ತ್ಯಾಜ್ಯವನ್ನೂ ಅಳೆದು, ಆಲ್ಬುಮಿನ್ ಅನ್ನು ಅದರಿಂದ ಭಾಗಿಸಿ ಅನುಪಾತ ನೋಡುತ್ತೇವೆ. ಲೀಟರಿಗೆ 40 ಮಿಲಿಗ್ರಾಂ ಆಲ್ಬುಮಿನ್, 2 ಗ್ರಾಂ ಕ್ರಿಯಾಟಿನಿನ್ ಇದ್ದರೆ ಅನುಪಾತ 20, ಗಾಬರಿಯಿಲ್ಲ. ತೆಳುವಾದ ಮೂತ್ರದಲ್ಲಿ ಆಲ್ಬುಮಿನ್ 15 ಮಾತ್ರ, ಆದರೆ ಕ್ರಿಯಾಟಿನಿನ್ 0.3 ಗ್ರಾಂ ಎಂದರೆ ಅನುಪಾತ 50. ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂ ಎಂಬ ಗಡಿ ದಾಟಿದ್ದು ಇದೇ! ಅನುಪಾತಕ್ಕೂ ಮಿತಿಯಿದೆ: ಮಾಂಸಖಂಡ ಕರಗಿದ ವೃದ್ಧರಲ್ಲಿ ಕ್ರಿಯಾಟಿನಿನ್ ಕಡಿಮೆ, ಹಾಗಾಗಿ ಅನುಪಾತ ಏರಿ ಕಾಣುತ್ತದೆ.

ನನಗೆ ಹೆಚ್ಚು ಆತಂಕ ತರುವುದು ತೀರಾ ಹೆಚ್ಚು ಆಲ್ಬುಮಿನ್ ಇರುವ ಮಾದರಿ. ಆಲ್ಬುಮಿನ್ ಮತ್ತು ಅದಕ್ಕೆ ಅಂಟಿಕೊಳ್ಳುವ, ಕಿಟ್‌ನಲ್ಲಿರುವ ಪ್ರತಿಕಾಯ ಸೇರಿ ಹುಟ್ಟುವ ಮಬ್ಬನ್ನು ನಮ್ಮ ಯಂತ್ರ ಅಳೆಯುತ್ತದೆ. ಆಲ್ಬುಮಿನ್ ಮಿತಿಮೀರಿದರೆ ಪ್ರತಿಕಾಯಗಳು ಸಾಲದೆ ಜಾಲ ಕಟ್ಟುವುದಿಲ್ಲ, ಮಬ್ಬು ಕುಸಿಯುತ್ತದೆ, ಸಂಖ್ಯೆ ಸಾಧಾರಣವಾಗಿ ಬರುತ್ತದೆ. ಅತ್ಯಂತ ಕಾಯಿಲೆಯಾದವರ ವರದಿಯೇ ನೆಮ್ಮದಿ ಹೇಳಿಬಿಡುತ್ತದೆ. ಇದನ್ನು ಪತ್ತೆಹಚ್ಚಿ ಎಚ್ಚರಿಸುವ ಯಂತ್ರಗಳಿವೆ, ನಿಜ. ಆದರೂ ನಾನು ಮಾದರಿಯಲ್ಲಿ, ಪ್ರೋಟೀನ್ ಇದ್ದರೆ ಬಣ್ಣ ಬದಲಿಸುವ ಸ್ಟ್ರಿಪ್ ಅದ್ದಿ ನೋಡುತ್ತೇನೆ. ಸ್ಟ್ರಿಪ್ ಗಾಢ ಹಸಿರಾಗಿ, ಯಂತ್ರ ಸಣ್ಣ ಸಂಖ್ಯೆ ಕೊಟ್ಟರೆ ಮಾದರಿಯನ್ನು ತೆಳುಗೊಳಿಸಿ ಮತ್ತೆ ಓಡಿಸುತ್ತೇನೆ. ತೆಳುಗೊಳಿಸಿದ ಮೇಲೆ ಫಲಿತಾಂಶ ಏರಿದರೆ ಮೊದಲಿನದು ಸುಳ್ಳೆಂದೇ ಅರ್ಥ.

ಸ್ಟ್ರಿಪ್ಪನ್ನೇ ನಂಬಿಯೂ ಕೂರಲಾಗದು. ಆರಂಭದ ಸಣ್ಣ ಏರಿಕೆ ಅದಕ್ಕೆ ಸಿಗುವುದಿಲ್ಲ. ಮೈಲೋಮಾ ಎಂಬ ರಕ್ತದ ಕ್ಯಾನ್ಸರ್‌ನಲ್ಲಿ ಸೋರುವ ಪ್ರೋಟೀನೂ ಅಷ್ಟೆ.

ವರದಿ ಹಿಡಿದು "ಅನುಪಾತ 34 ಬಂದಿದೆ, ಕಿಡ್ನಿ ಹೋಯಿತೇ ಸರ್?" ಎಂದು ಕೇಳುವವರಿಗೆ, ಒಬ್ಬರದೇ ಮೂತ್ರದಲ್ಲಿ ದಿನದಿಂದ ದಿನಕ್ಕೆ 30 ಮತ್ತು 34ರ ನಡುವಿನ ಅಂತರಕ್ಕಿಂತ ದೊಡ್ಡ ಏರಿಳಿತ ಇರುತ್ತದೆ ಎಂದು ವಿವರಿಸುತ್ತೇನೆ. ಮೂರರಿಂದ ಆರು ತಿಂಗಳೊಳಗೆ ಮೂರು ಮಾದರಿಗಳಲ್ಲಿ ಎರಡು ಹೆಚ್ಚು ಬಂದರೆ ಮಾತ್ರ ಏರಿಕೆ ಖಚಿತ. ಮೂರನ್ನೂ ಒಂದೇ ಲ್ಯಾಬ್‌ನಲ್ಲಿ ಮಾಡಿಸಿ ಎನ್ನುತ್ತೇನೆ, ಏಕೆಂದರೆ ಬೇರೆ ಬೇರೆ ಕಂಪನಿಗಳ ಕಿಟ್‌ಗಳು ಒಂದೇ ಮೂತ್ರಕ್ಕೆ ಒಂದೇ ಉತ್ತರ ಕೊಡುವುದಿಲ್ಲ.