ಐವತ್ತು ವಯಸ್ಸಾದ ಮೇಲೆ ಸ್ನ್ಯಾಚ್ ಏರಬೇಕಾ? ಮೊದಲು ಕಾಲು ಗಟ್ಟಿ ಮಾಡಿ

ವೇಟ್‌ಲಿಫ್ಟಿಂಗಿನಲ್ಲಿ ಭಾರದ ಬಾರನ್ನು ನೆಲದಿಂದ ಒಂದೇ ಎಳೆತಕ್ಕೆ ತಲೆಯ ಮೇಲೆ ಎತ್ತುವುದು ಸ್ನ್ಯಾಚ್. ನನ್ನ ಸ್ನ್ಯಾಚ್ ಎರಡು ವರ್ಷ 50 ಕಿಲೋದಲ್ಲೇ ಕೂತಿತ್ತು. ವಾರ ವಾರ 52 ಹಾಕುತ್ತಿದ್ದೆ, ವಾರ ವಾರ ಬೀಳಿಸುತ್ತಿದ್ದೆ. ವಯಸ್ಸು 51. ಬಲ ಹೆಗಲು ನೋಯಲು ಶುರುವಾಗಿ, ಕ್ಲಾಸಿನಲ್ಲಿ ಬೋರ್ಡಿನ ಮೇಲ್ಗಡೆ ಬರೆಯುವುದೇ ಕಷ್ಟ ಅನ್ನುವಲ್ಲಿಗೆ ಬಂದಾಗ, ಕುಂಬಳೆಯ ಹತ್ತಿರದ ನಮ್ಮ ಜಿಮ್ಮಿನ ಹುಡುಗನೊಬ್ಬ ಕೇಳಿದ: "ಮಾಷ್ಟ್ರೇ, ಟೆಕ್ನಿಕ್ ಆಮೇಲೆ ನೋಡುವ. ನಿಮ್ಮ ಬ್ಯಾಕ್ ಸ್ಕ್ವಾಟ್ ಎಷ್ಟು?" ಬಾರನ್ನು ಬೆನ್ನಿನ ಮೇಲ್ಗಡೆ ಹೊತ್ತು ಕೂತು ಏಳುವುದು ಬ್ಯಾಕ್ ಸ್ಕ್ವಾಟ್. ನನ್ನದು ಎಷ್ಟು ಅಂತ ನನಗೆ ಗೊತ್ತೇ ಇರಲಿಲ್ಲ. ಹಾಕಿ ನೋಡಿದರೆ 80.

ಅಲ್ಲಿಂದಲೇ ಶುರು ಮಾಡಿ. ಅಳೆಯಿರಿ. ಅದಕ್ಕೂ ಮೊದಲು ಒಂದು ಸಲ ಡಾಕ್ಟರ ಹತ್ತಿರ ಹೋಗಿ ಪ್ರೆಶರ್ ನೋಡಿಸಿ. ಭಾರ ಎತ್ತುವಾಗ ಉಸಿರು ಬಿಗಿ ಹಿಡಿಯುತ್ತೇವಲ್ಲ, ಆಗ ರಕ್ತದೊತ್ತಡ ಜಿಗಿಯುತ್ತದೆ. ಪ್ರೆಶರ್ ಹಿಡಿತದಲ್ಲಿ ಇಲ್ಲದವರು ಅದನ್ನು ಸರಿಮಾಡಿಕೊಂಡೇ ಬಾರಿಗೆ ಕೈ ಹಾಕಬೇಕು.

ಈಗ ಲೆಕ್ಕ. ಸ್ನ್ಯಾಚ್, ಕ್ಲೀನ್ ಆಂಡ್ ಜರ್ಕ್ (ಬಾರನ್ನು ಮೊದಲು ಹೆಗಲಿಗೆ, ಅಲ್ಲಿಂದ ತಲೆಯ ಮೇಲೆ ಎತ್ತುವುದು), ಬ್ಯಾಕ್ ಸ್ಕ್ವಾಟ್, ಮೂರೂ ಬರೆದುಕೊಳ್ಳಿ. ನನ್ನದು 50, 63, 80. ಸ್ನ್ಯಾಚ್ ಸಾಮಾನ್ಯವಾಗಿ ಕ್ಲೀನ್ ಆಂಡ್ ಜರ್ಕಿನ ನೂರಕ್ಕೆ 80ರ ಆಸುಪಾಸು ಇರುತ್ತದೆ. ನಮ್ಮ ಕರಾವಳಿಯವರೇ ಆದ ವೇಟ್‌ಲಿಫ್ಟರ್ ಗುರುರಾಜ ಪೂಜಾರಿ 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟದಲ್ಲಿ ಕಂಚು ಗೆದ್ದದ್ದು 118 ಮತ್ತು 151 ಎತ್ತಿ. ಅಂದರೆ ನೂರಕ್ಕೆ 78. ನನ್ನದು 79! ಭಾರದಲ್ಲಿ ಭೂಮಿ ಆಕಾಶದ ಅಂತರ, ಆದರೆ ಸ್ನ್ಯಾಚ್ ಒಂದೇ ಹಿಂದೆ ಬಿದ್ದಿದೆ ಅನ್ನುವ ಹಾಗಿರಲಿಲ್ಲ. ಎರಡು ವರ್ಷ ಸುಮ್ನೆ ಅದನ್ನೇ ಬೈದುಕೊಂಡಿದ್ದೆ.

ಮುಖ್ಯವಾದ ಲೆಕ್ಕ ಇನ್ನೊಂದು. ಕ್ಲೀನ್ ಆಂಡ್ ಜರ್ಕನ್ನು ಬ್ಯಾಕ್ ಸ್ಕ್ವಾಟಿಗೆ ಹೋಲಿಸಿ. ನೂರಕ್ಕೆ 80ರ ಹತ್ತಿರ ಬಂದರೆ (ನನ್ನದು ಹಾಗೇ ಇತ್ತು) ಕಾಲಲ್ಲಿರುವ ಬಲವನ್ನೆಲ್ಲ ಆಗಲೇ ಬಳಸಿ ಆಗಿದೆ ಅಂತ ಅರ್ಥ, ಇನ್ನು ಟೆಕ್ನಿಕ್ ಎಷ್ಟು ತಿದ್ದಿದರೂ ಒಂದೆರಡು ಕಿಲೋ ಸಿಗಬಹುದು ಅಷ್ಟೇ. 65ಕ್ಕಿಂತ ಕೆಳಗಿದ್ದರೆ ಬಲ ಇದೆ, ಬಾರಿಗೆ ತಲುಪುತ್ತಿಲ್ಲ. ಅಂಥವರಿಗೆ ಬೇಕಾದದ್ದು ಒಳ್ಳೆಯ ಕೋಚ್, ಈ ಲೇಖನ ಅಲ್ಲ.

ವಯಸ್ಸಾದ ಮೇಲೆ ಬಲಕ್ಕಿಂತ ಬೇಗ ಹೋಗುವುದು ವೇಗ. ಚುರುಕಾಗಿ ಎಳೆಯುವ ಸ್ನಾಯುವಿನ ಎಳೆಗಳೇ ಮೊದಲು ಸಣ್ಣಗಾಗುತ್ತವೆ. ಗಂಟುಗಳ ಸುತ್ತಲಿನ ನಾರುಗಳೂ ನಿಧಾನ, ಇಪ್ಪತ್ತರ ಹುಡುಗನಿಗಿಂತ ನಮಗೆ ಸುಧಾರಿಸಲು ಹೆಚ್ಚು ದಿನ ಬೇಕಾಗಬಹುದು. ಹಾಗಾಗಿ ದೊಡ್ಡ ಭಾರದ ಸ್ನ್ಯಾಚನ್ನು ವಾರ ವಾರ ಮಾಡುವುದು ನಮಗೆ ನಷ್ಟದ ವ್ಯಾಪಾರ. ಬಲವನ್ನು ಸ್ಕ್ವಾಟ್, ಪ್ರೆಸ್ (ಕಾಲು ಬಗ್ಗಿಸದೆ ಬಾರನ್ನು ಹೆಗಲಿನಿಂದ ತಲೆಯ ಮೇಲೆ ಒತ್ತುವುದು), ರೋ (ಬಾಗಿ ನಿಂತು ಬಾರನ್ನು ಹೊಟ್ಟೆಯ ಕಡೆ ಎಳೆಯುವುದು) ಇವುಗಳಲ್ಲಿ ಬೆಳೆಸಿ. ಸ್ನ್ಯಾಚನ್ನು ಹಗುರ ಇಟ್ಟು ವೇಗ ಕಾಪಾಡಿಕೊಳ್ಳಿ.

ಯಾವಾಗ? ನಾನು ಮಳೆಗಾಲ ಅಂತೇನೆ. ಜೂನಿನಿಂದ ಸೆಪ್ಟೆಂಬರ್. ಆಟಿಯ (ತುಳುವರ ಜುಲೈ-ಆಗಸ್ಟಿನ ತಿಂಗಳು) ಮಳೆಗೆ ಹೊರಗೆ ಕೆಲಸವೂ ಕಡಿಮೆ, ಹಿಡಿತಕ್ಕೆ ಕೈಗೆ ಹಚ್ಚುವ ಚಾಕ್ ಪುಡಿ ಗಾಳಿಯ ತೇವಕ್ಕೆ ಹಿಟ್ಟಿನ ಮುದ್ದೆಯಾಗಿ ಕೈ ಜಾರುತ್ತದೆ, ದೊಡ್ಡ ಸ್ನ್ಯಾಚಿಗೆ ಅದು ಕಾಲವೇ ಅಲ್ಲ.

ವಾರಕ್ಕೆ ಮೂರು ದಿನ ಸಾಕು. ಸೋಮವಾರ ಮೊದಲು ಪವರ್ ಸ್ನ್ಯಾಚ್, ಅಂದರೆ ಪೂರ್ತಿ ಕೂರದೆ ಹಿಡಿಯುವುದು. ನಿಮ್ಮ ಅತಿ ಹೆಚ್ಚಿನ ಸ್ನ್ಯಾಚಿನ ನೂರಕ್ಕೆ 60ರಿಂದ 70ರಷ್ಟು ಭಾರ, ಎರಡೆರಡು ಸಲದ ಆರು ಸೆಟ್. ಬಾರ್ ನಿಧಾನವಾಯಿತು ಅನಿಸಿದ ಕೂಡಲೇ ನಿಲ್ಲಿಸಿ. ಆಮೇಲೆ ಬ್ಯಾಕ್ ಸ್ಕ್ವಾಟ್, ಐದೈದರ ಮೂರು ಸೆಟ್. ಸೆಟ್ ಮುಗಿದಾಗ ಇನ್ನೂ ಎರಡು ಸಲ ಆಗುತ್ತಿತ್ತು ಅನ್ನುವಷ್ಟು ಉಳಿದಿರಬೇಕು. ಇದನ್ನು ಮಾತ್ರ ಯಾರೂ ಕೇಳುವುದಿಲ್ಲ, ನಾನೂ ಕೇಳಿರಲಿಲ್ಲ. ಕೊನೆಗೆ ರೋ, ಎಂಟೆಂಟರ ಮೂರು ಸೆಟ್.

ಗುರುವಾರ ಹಗುರ ಪವರ್ ಕ್ಲೀನ್ ಮತ್ತು ಜರ್ಕ್, ಫ್ರಂಟ್ ಸ್ಕ್ವಾಟ್ (ಬಾರನ್ನು ಹೆಗಲ ಮುಂದೆ ಹಿಡಿದು ಕೂತು ಏಳುವುದು) ಮೂರು ಮೂರರ ನಾಲ್ಕು ಸೆಟ್, ನಂತರ ನಿಂತು ಮಾಡುವ ಪ್ರೆಸ್. ಪ್ರೆಸ್ ಅಂದರೆ ಈಗಿನವರು ಮೂಗು ಮುರಿಯುತ್ತಾರೆ. 1972ರ ಮ್ಯೂನಿಕ್ ಒಲಿಂಪಿಕ್ಸಿನವರೆಗೆ ಅದೂ ಸ್ಪರ್ಧೆಯ ಒಂದು ಎತ್ತುಗೆಯೇ ಆಗಿತ್ತು. ಆ ಕಾಲದವರಿಗೆ ಹೆಗಲಿನ ಬಲಕ್ಕೆ ಬೇರೆ ಕಸರತ್ತು ಹುಡುಕುವ ಕೆಲಸ ಇರಲಿಲ್ಲ. ನನ್ನ ಹೆಗಲು ನೋವಿಗೆ ದಾರಿ ಸಿಕ್ಕಿದ್ದೂ ಇದರಲ್ಲೇ. ಖಾಲಿ ಬಾರಿನಿಂದ ಶುರು ಮಾಡಿ ನಾಲ್ಕು ತಿಂಗಳು ನಿಧಾನಕ್ಕೆ ಏರಿಸಿದೆ.

ಶನಿವಾರ ಬಾರನ್ನು ತಲೆಯ ಮೇಲೆ ಎತ್ತಲೇಬೇಡಿ. ರೊಮೇನಿಯನ್ ಡೆಡ್‌ಲಿಫ್ಟ್ (ಬಾರ್ ಹಿಡಿದು, ಮೊಣಕಾಲು ಸ್ವಲ್ಪವೇ ಬಗ್ಗಿಸಿ ಸೊಂಟದಿಂದ ಬಾಗಿ ಏಳುವುದು) ಎಂಟೆಂಟರ ಮೂರು ಸೆಟ್, ಒಂದೊಂದೇ ಕಾಲಲ್ಲಿ ಮೆಟ್ಟಿಲು ಹತ್ತುವುದು, ಆಮೇಲೆ ಹೊರೆ ನಡಿಗೆ. ಇದನ್ನು ಮನೆಯಲ್ಲೇ ಮಾಡಬಹುದು. ಖಾಲಿ ಪೈಂಟಿನ 20 ಲೀಟರಿನ ಬಕೆಟ್ ಎರಡು ತಗೊಳ್ಳಿ, ನೀರು ತುಂಬಿದರೆ ಕೈಗೆ 20 ಕಿಲೋ ಆಯ್ತು. ಅಂಗಳದ ಆ ತುದಿಯಿಂದ ಈ ತುದಿಗೆ ಬೆನ್ನು ನೆಟ್ಟಗಿಟ್ಟು ನಡೆಯಿರಿ. ನೀರು ಚೆಲ್ಲಿದರೆ ನಡಿಗೆ ಸರಿಯಿಲ್ಲ ಅಂತಲೇ. ನಮ್ಮ ಮನೆಯವಳು ಒಂದು ದಿನ ನೋಡಿ, "ಹೇಗೂ ಹೊರುತ್ತೀರಲ್ಲ, ಆ ಮಲ್ಲಿಗೆ ಬುಡಕ್ಕೆ ಹೊಯ್ದು ಬನ್ನಿ" ಅಂದಳು.

ತೋಟ ಇರುವವರಿಗೆ ಒಂದು ಮಾತು. ಮರಗಳಿಗೆ ಔಷಧಿ ಸಿಂಪಡಿಸುವ ದಿನ, ದೋಟಿ (ಕೊಯ್ಯುವ ಉದ್ದನೆಯ ಕೋಲು) ಹಿಡಿದು ಕತ್ತು ಮೇಲೆತ್ತಿ ಅಡಿಕೆ ಕೊಯ್ದ ದಿನ, ಅದೂ ಒಂದು ವರ್ಕೌಟೇ. ಅರ್ಧ ದಿನ ದೋಟಿ ಹಿಡಿದ ಕತ್ತು, ಹೆಗಲು ಸಂಜೆಗೆ ಮರದ ಹಾಗಾಗಿರುತ್ತವೆ. ಅವತ್ತು ಪ್ರೆಸ್ ಬಿಡಿ, ಜರ್ಕಂತೂ ಬೇಡವೇ ಬೇಡ. ನನ್ನ ಗೆಳೆಯರೊಬ್ಬರು ಇದನ್ನು ಲೆಕ್ಕಕ್ಕೇ ಹಿಡಿಯದೆ ಒಂದು ತಿಂಗಳು ಕತ್ತು ತಿರುಗಿಸಲಾಗದೆ ಕೂತರು.

ಭಾರ ಏರಿಸುವುದು ಹೇಗೆ? ಸ್ಕ್ವಾಟಿಗೆ ವಾರಕ್ಕೆ ಎರಡು ಕಿಲೋ ದಾಟಬಾರದು, ಪ್ರೆಸ್ಸಿಗೆ ಒಂದು ಕಿಲೋ. ಸಣ್ಣ ಪ್ಲೇಟ್ ಜಿಮ್ಮಿನಲ್ಲಿ ಇಲ್ಲದಿದ್ದರೆ ಅರ್ಧ ಕಿಲೋದ್ದು ಒಂದು ಜೊತೆ ಕೊಂಡು ಚೀಲದಲ್ಲಿ ಇಟ್ಟುಕೊಳ್ಳಿ, ನಾಚಿಕೆ ಯಾಕೆ? ಪ್ರತಿ ನಾಲ್ಕನೇ ವಾರ ಸೆಟ್‌ಗಳನ್ನು ಅರ್ಧಕ್ಕೆ ಇಳಿಸಿ. ಮುಂದಿನ ವಾರ ಬಿಟ್ಟಲ್ಲಿಂದ ಅಲ್ಲ, ಒಂದು ಹೆಜ್ಜೆ ಹಿಂದಿನಿಂದ ಶುರು ಮಾಡಿ.

ಬಿಸಿಯಾಗಲು ಕಾಲು ಗಂಟೆ ಕೊಡಿ. ಕುಕ್ಕರಗಾಲಲ್ಲಿ ಹಿಮ್ಮಡಿ ಊರಿ ಎರಡು ನಿಮಿಷ ಕೂತು ಅಭ್ಯಾಸ ಮಾಡಿ. ಮನೆಗೆ ಕಮೋಡ್ ಬಂದ ಮೇಲೆ ನಮಗೆಲ್ಲ ಅದು ಮರೆತೇ ಹೋಗಿದೆ, ಅಲ್ವಾ?

ಊಟ. ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿಯಲ್ಲಿ ಸ್ಕ್ವಾಟ್ ಏರುವುದಿಲ್ಲ. ಮೈತೂಕದ ಕಿಲೋಗೆ 1.2ರಿಂದ 1.6 ಗ್ರಾಂ ಪ್ರೋಟೀನ್ ಬೇಕು. 70 ಕಿಲೋದವರಿಗೆ ದಿನಕ್ಕೆ ಸುಮಾರು 85ರಿಂದ 110 ಗ್ರಾಂ. ಒಂದು ಮೊಟ್ಟೆಯಲ್ಲಿ ಸಿಗುವುದು 6 ಗ್ರಾಂ, ಲೆಕ್ಕ ಹಾಕಿ. ಗಂಜಿ ಬಿಡಬೇಕಿಲ್ಲ, ಜೊತೆಗೆ ಬಂಗುಡೆಯೋ ಹೆಸರುಕಾಳೋ ಮೊಸರೋ ಇರಲಿ. ಕಿಡ್ನಿ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳಿಯೇ ಹೆಚ್ಚಿಸಿ.

ಅಕ್ಟೋಬರಿನಲ್ಲಿ ಮಳೆ ಕಡಿಮೆಯಾದ ಮೇಲೆ ಸ್ಕ್ವಾಟಿನ ಸೆಟ್ ಇಳಿಸಿ, ಪೂರ್ತಿ ಕೂತು ಹಿಡಿಯುವ ಸ್ನ್ಯಾಚ್, ಕ್ಲೀನ್ ಶುರು ಮಾಡಿ. ಮೊದಲ ಎರಡು ವಾರ ಎಲ್ಲ ತಪ್ಪಿದ ಹಾಗೆ ಅನಿಸುತ್ತದೆ, ಕಾಲು ಗಟ್ಟಿಯಾಗಿರುತ್ತದೆ, ಲಯ ಬಂದಿರುವುದಿಲ್ಲ. ಹೆದರಬೇಡಿ. ನನ್ನ ಸ್ಕ್ವಾಟ್ ಎರಡು ಮಳೆಗಾಲದಲ್ಲಿ 80ರಿಂದ 92ಕ್ಕೆ ಬಂತು, ಕ್ಲೀನ್ ಆಂಡ್ ಜರ್ಕ್ 70, ಸ್ನ್ಯಾಚ್ 54. ಹುಡುಗರಿಗೆ ಇದು ನಗೆ ಬರಿಸುವ ಅಂಕಿ. ನಾನು ಅವತ್ತು ಹೋಳಿಗೆ ಮಾಡಿಸಿದೆ.

ಎಷ್ಟಾಗಿದೆ ಅಂತ ನೋಡುವುದು ಡಿಸೆಂಬರಿನ ಕೊನೆಗೆ, ಚೆನ್ನಾಗಿ ನಿದ್ದೆ ಮಾಡಿದ ಮಾರನೇ ದಿನ. ಸ್ಪರ್ಧೆಯಲ್ಲಿ ಕೊಡುವ ಹಾಗೆ ಒಂದೊಂದಕ್ಕೆ ಮೂರೇ ಪ್ರಯತ್ನ. ಮೊದಲನೆಯದು ಖಂಡಿತ ಎತ್ತುವಂಥದ್ದು, ಎರಡನೆಯದು ಹಳೆಯ ದಾಖಲೆ, ಮೂರನೆಯದು ಅದಕ್ಕಿಂತ ಒಂದು ಕಿಲೋ ಜಾಸ್ತಿ. ಅದು ತಪ್ಪಿದರೆ ನಾಲ್ಕನೆಯದು ಬೇಡ. ಬಾರ್ ಒಣಬಟ್ಟೆಯಲ್ಲಿ ಒರೆಸಿ, ತಿರುಗುವ ತುದಿಗಳಿಗೆ ಎರಡು ಹನಿ ಮೆಷಿನ್ ಆಯಿಲ್ ಬಿಟ್ಟು ಮನೆಗೆ ಹೋಗಿ, ನಮ್ಮ ಉಪ್ಪುಗಾಳಿಗೆ ಎಂಥ ಬಾರೂ ತುಕ್ಕು ಹಿಡಿಯುತ್ತದೆ.