ಶುಗರ್ ಇಳಿದರೂ ಗೊತ್ತಾಗುತ್ತಿಲ್ಲವಾ? ಮನೆಯಲ್ಲೇ ಹೀಗೆ ಪತ್ತೆ ಮಾಡಿ

ಅಮ್ಮ ಮೊಸರನ್ನ ಕಲಸುತ್ತಾ ಕೂತಿದ್ದರು. ಕೈ ತಟ್ಟೆಯಲ್ಲೇ ನಿಂತುಬಿಟ್ಟಿತು. ಕರೆದರೆ ಬರೀ "ಹೂಂ". ಮೀಟರ್ ತಂದು ನೋಡಿದರೆ 48! ಶುಗರ್ 70ಕ್ಕಿಂತ ಕೆಳಗಿಳಿದರೆ ಸಾಮಾನ್ಯವಾಗಿ ಕೈ ನಡುಗುತ್ತದೆ, ಬೆವರುತ್ತದೆ, ಎದೆ ಡವಡವ ಅನ್ನುತ್ತದೆ. ಅಮ್ಮನಿಗೆ ಇದ್ಯಾವುದೂ ಆಗಿರಲಿಲ್ಲ.

ಮೊದಲು ಮಾತ್ರೆ ಡಬ್ಬಿ ತೆಗೆದು ನೋಡಿ. ಇನ್ಸುಲಿನ್ ಇದೆಯಾ? ಗ್ಲಿಮಿಪಿರೈಡ್, ಗ್ಲಿಬೆನ್‌ಕ್ಲಮೈಡ್ ತರದ ಮಾತ್ರೆ ಇದೆಯಾ? ಇವು ಶುಗರನ್ನು ತೀರಾ ಇಳಿಸಿಬಿಡಬಹುದು. ಶುಗರ್ ಬಂದು ತುಂಬಾ ವರ್ಷ ಆಗಿದ್ದರೆ, ವಯಸ್ಸಾಗಿದ್ದರೆ, ಕುಡಿಯುವ ಅಭ್ಯಾಸ ಇದ್ದರೆ ಅಪಾಯ ಜಾಸ್ತಿ. ಬಿಪಿಗೆ ಅಂತ ಪ್ರೊಪ್ರನೊಲಾಲ್ ತರದ ಮಾತ್ರೆ ತಗೊಳ್ಳುವವರಲ್ಲಿ ನಡುಕ, ಎದೆಬಡಿತ ಕಾಣದೆ ಬೆವರು ಮಾತ್ರ ಉಳಿಯಬಹುದು. ಹಾಗಂತ ಯಾವ ಮಾತ್ರೆಯನ್ನೂ ನೀವೇ ನಿಲ್ಲಿಸಬೇಡಿ. ಎಲ್ಲಕ್ಕಿಂತ ದೊಡ್ಡ ಕಾರಣ ಪದೇ ಪದೇ ಲೋ ಆಗುವುದು. ದೇಹಕ್ಕೆ ಅದೇ ರೂಢಿಯಾಗಿ, ಎಚ್ಚರಿಕೆ ಕೊಡುವುದನ್ನೇ ಬಿಡುತ್ತದೆ.

ಆಮೇಲೆ ಪರೀಕ್ಷೆ. ಎಲ್ಲರೂ ಎಡವುವುದು ಇಲ್ಲೇ. "ತಲೆ ಸುತ್ತಿದರೆ ನೋಡೋಣ" ಅಂತ ಕಾಯುತ್ತಾರೆ, ಆದರೆ ಸುತ್ತುವುದೇ ಇಲ್ಲವಲ್ಲ! ಒಂದು ವಾರ ಹೊತ್ತಿಗೆ ಸರಿಯಾಗಿ ನೋಡಿ: ತಿಂಡಿಗೆ ಮುಂಚೆ, ಊಟಕ್ಕೆ ಮುಂಚೆ, ಮಲಗುವಾಗ, ಎರಡು ಮೂರು ದಿನ ರಾತ್ರಿ 3 ಗಂಟೆಗೂ. ನಿದ್ದೆಯಲ್ಲಿ ಇಳಿದರೆ ಮಲಗಿದವರಿಗೆ ಎಚ್ಚರವೇ ಆಗದಿರಬಹುದು, ಅದಕ್ಕೇ ಅಲಾರಂ ಇಟ್ಟಾದರೂ ಏಳಿ. ಕೈಯನ್ನು ಸೋಪು ಹಾಕಿ ತೊಳೆದು, ಪೂರ್ತಿ ಒರೆಸಿ. ಬಾಳೆಹಣ್ಣು ಸುಲಿದ ಬೆರಳಲ್ಲೇ ಚುಚ್ಚಿದರೆ 60 ಇದ್ದದ್ದು 110 ಅಂತ ತೋರಿಸಿಬಿಡಬಹುದು. ಬೆರಳ ತುದಿಗಿಂತ ಪಕ್ಕದಲ್ಲಿ ಚುಚ್ಚಿ, ನೋವು ಕಮ್ಮಿ. ಕಡಿಮೆಗೆ ಸಿಕ್ಕಿತು ಅಂತ ಡೇಟ್ ಮುಗಿದ ಸ್ಟ್ರಿಪ್ ತರಲೇಬೇಡಿ. ಅಂಕಿಯ ಪಕ್ಕ "ಏನನ್ನಿಸಿತು" ಅಂತಲೂ ಬರೆಯಿರಿ. 58ರ ಮುಂದೆ "ಏನೂ ಇಲ್ಲ" ಅಂತ ಬಂದರೆ ಅದೇ ನಿಮ್ಮ ಉತ್ತರ.

ಇಳಿದಿದ್ದರೆ 15 ಗ್ರಾಂ ಗ್ಲೂಕೋಸ್ ಪುಡಿ, ಅಂದರೆ ಟೀ ಚಮಚದಲ್ಲಿ ತುಂಬಿ ಮೂರು, ನೀರಲ್ಲಿ ಕಲಸಿ ಕೊಡಿ. 15 ನಿಮಿಷ ಬಿಟ್ಟು ಮತ್ತೆ ನೋಡಿ, 70 ದಾಟದಿದ್ದರೆ ಮತ್ತೆ ಕೊಡಿ. ದಾಟಿದ ಮೇಲೆ ಊಟಕ್ಕೆ ಹೊತ್ತಿದ್ದರೆ ಎರಡು ಬಿಸ್ಕತ್ತು ಕೊಡಿ. ಚಾಕೊಲೇಟ್, ಮೈಸೂರು ಪಾಕ್ ಬೇಡ, ಅದರ ಕೊಬ್ಬಿನಿಂದ ಸಕ್ಕರೆ ರಕ್ತ ಸೇರುವುದು ನಿಧಾನ. ಮಾತ್ರೆಯಲ್ಲಿ ವೋಗ್ಲಿಬೋಸ್ (ಸಕ್ಕರೆ ಜೀರ್ಣವಾಗುವುದನ್ನು ನಿಧಾನ ಮಾಡುವ ಔಷಧಿ) ಇದ್ದರೆ ಮನೆಯ ಸಕ್ಕರೆಯೂ ಬೇಗ ಕೆಲಸ ಮಾಡುವುದಿಲ್ಲ. ಅದಕ್ಕೇ ನಾನು ಗ್ಲೂಕೋಸ್ ಪುಡಿಯನ್ನೇ ಹೇಳುವುದು. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, ಪಕ್ಕಕ್ಕೆ ಮಲಗಿಸಿ 108ಕ್ಕೆ ಫೋನ್ ಮಾಡಿ.

ಬರೆದ ಪುಸ್ತಕವನ್ನು ಡಾಕ್ಟರಿಗೆ ತೋರಿಸಿ, "ಲೋ ಆದರೂ ಗೊತ್ತಾಗುತ್ತಿಲ್ಲ" ಅಂತ ಬಾಯಿಬಿಟ್ಟು ಹೇಳಿ. ಕೆಲವು ವಾರ ಒಮ್ಮೆಯೂ ಇಳಿಯದಂತೆ ನೋಡಿಕೊಂಡರೆ ಎಷ್ಟೋ ಜನರಿಗೆ ಸೂಚನೆಗಳು ವಾಪಸ್ ಬರುತ್ತವೆ. ಅಮ್ಮನ ಡೋಸ್ ಕಮ್ಮಿ ಮಾಡಿ ತಿಂಗಳಾದ ಮೇಲೆ ಒಂದು ಬೆಳಗ್ಗೆ ಅವರೇ ಅಡುಗೆಮನೆಯಿಂದ ಕೂಗಿದರು: "ಕೈ ನಡುಗ್ತಿದೆ ಕಣೇ, ಮೀಟರ್ ತಗೊಂಡ್ಬಾ." 66 ಇತ್ತು.